ದ್ರಾಕ್ಷಿ ಎಲೆಯ ಚಮಚ

೨೦೨೪ರ ನವೆಂಬರ್ ೧೮, ಸೋಮವಾರ ಬೆಳಿಗ್ಗೆ ೯.೪೦ಕ್ಕೆ ಇಗ್ನೇಷಿಯಸ್ ಡಬ್ಲಿನ್‌ನ ಟಾಲಾ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ಅವರ ಹೆಂಡತಿ ಫಿಲೋಮಿನಾ ತೀರಿಕೊಂಡು ತಿಂಗಳಾದ ಬಲಿಪೂಜೆ ಚರ್ಚಿನಲ್ಲಿತ್ತು. ಪೂಜೆ ಮುಗಿಸಿ ಮನೆಗೆ ಚಹಾಕ್ಕೆ ಬಂದವರು ಒಂಬತ್ತು ಮಂದಿ. ಫಿಲೋಮಿನಾ ಮೂವತ್ತು ವರ್ಷ ಕೂಡಿಸಿದ್ದ, ಚಹಾಪುಡಿ ಅಳೆಯುವ ಹಳೆಯ ಬೆಳ್ಳಿ ಚಮಚಗಳಲ್ಲಿ ಒಂದು ಈಗ ಇಲ್ಲ.

ತನಿಖೆ ವಹಿಸಿಕೊಂಡ ಡಿಟೆಕ್ಟಿವ್ ಶೆರಿನ್, ಡಬ್ಲಿನ್‌ನಲ್ಲೇ ಹುಟ್ಟಿದ ಮಂಗಳೂರಿನವರ ಮಗಳು. ೧೧ ಗಂಟೆಗೆ ಮಹಜರು ನಡೆಯಿತು. ಕಪಾಟಿನಲ್ಲಿ ಚಿಪ್ಪಿನಂಥವು, ಅಂಗೈಯಂಥವು, ಕುದುರೆ ಸವಾರನ ಟೋಪಿಯಂಥವು, ಎಲ್ಲ ಹಾಗೆಯೇ ಇದ್ದವು. ಹೋದದ್ದು ಅಡುಗೆಮನೆಯ ಚಹಾ ಡಬ್ಬಿಯ ಪಕ್ಕದ್ದು. ದ್ರಾಕ್ಷಿ ಎಲೆಯ ಆಕಾರದ್ದು. ಫಿಲೋಮಿನಾ ದಿನವೂ ಬಳಸುತ್ತಿದ್ದದ್ದು.

"ಇನ್ಶೂರೆನ್ಸ್ ಇದೆಯಾ ಅಂಕಲ್?"

"ಬೆಳ್ಳಿ ಹೋಗ್ಲಿ ಮಗಾ. ಅವಳು ಹೋದ ಮೇಲೂ ದಿನಾ ಆರು ಗಂಟೆಗೆ ಡಬ್ಬಿಯಲ್ಲಿ ಆ ಚಮಚದ ಸದ್ದು ಕೇಳ್ತಿತ್ತು. ಇವತ್ತು ಕೇಳ್ಲಿಲ್ಲ."

ಶೆರಿನ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು.

ಬಂದವರನ್ನೆಲ್ಲ ವಿಚಾರಿಸುವಾಗ ಒಂದು ಚಮಚ ಕಳೆದಿದೆ ಎಂದಷ್ಟೇ ಹೇಳಿದರು, ಯಾವುದೆಂದು ಹೇಳಲಿಲ್ಲ. ಮಂಗಳವಾರ ಮಧ್ಯಾಹ್ನ ಸಿಟಿವೆಸ್ಟ್‌ನ ತಮ್ಮ ಮನೆಯಲ್ಲಿ ನಿವೃತ್ತ ಎಂಜಿನಿಯರ್ ಅನಂತಕೃಷ್ಣ, "ಆ ಉದ್ಧರಣೆ ನಾನು ಮುಟ್ಟಿಲ್ಲಮ್ಮ," ಎಂದರು. ಆ ಪದ ಶೆರಿನ್‌ಗೆ ಗೊತ್ತಿರಲಿಲ್ಲ. ಹೊರಗೆ ಬಂದು ಇಗ್ನೇಷಿಯಸ್‌ಗೆ ಫೋನ್ ಮಾಡಿ ಕೇಳಿದರು.

"ದೇವಸ್ಥಾನದಲ್ಲಿ ಭಟ್ರು ತೀರ್ಥ ಕೊಡೋ ಚಮಚ. ನಮ್ಮ ಎಲೆ ಚಮಚ ನೋಡಿದ್ರೂ ಹಾಗೇ ಅನ್ನಿಸ್ತದೆ."

ಉಳಿದ ಯಾವ ಚಮಚವನ್ನೂ ಯಾರೂ ಹಾಗೆ ಕರೆಯುವಂತಿರಲಿಲ್ಲ. ಕಳೆದದ್ದು ಯಾವುದೆಂದು ಹೇಳದೆಯೇ ಅನಂತಕೃಷ್ಣರಿಗೆ ಗೊತ್ತಿತ್ತು. ಬುಧವಾರ ೧೦.೩೦ಕ್ಕೆ ವಾರಂಟ್ ಹಿಡಿದು ಶೆರಿನ್ ಮತ್ತೆ ಅವರ ಬಾಗಿಲು ತಟ್ಟಿದರು. ಚಮಚ ಅನಂತಕೃಷ್ಣರ ತೀರಿಹೋದ ಹೆಂಡತಿ ಚಿತ್ರಾ ಅವರ ಫೋಟೊದ ಮುಂದಿತ್ತು. ಒದ್ದೆಯಾಗಿತ್ತು.

"ಯಾಕೆ ತಗೊಂಡ್ರಿ?"

"ಗಂಗಾಜಲ ತರೋಕೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದೆ. ಅಷ್ಟರಲ್ಲಿ ಹೋಗ್ಬಿಟ್ಲು. ಈಗ ದಿನಾ ಬಂದು ನೀರು ಕೇಳ್ತಾಳೆ. ಸ್ಟೀಲ್ ಚಮಚದಲ್ಲಿಟ್ರೆ ಹಾಗೇ ಇರತ್ತೆ. ಇದರಲ್ಲಿಟ್ಟಿದ್ದು ಬೆಳಿಗ್ಗೆ ನೋಡಿದ್ರೆ ಇರಲ್ಲ."

೧೦.೫೦ಕ್ಕೆ ಬಂಧನ. ಕೈಕೋಳ ಹಾಕಲಿಲ್ಲ.

ಠಾಣೆಯಲ್ಲಿ ಶೆರಿನ್ ತಪ್ಪೊಪ್ಪಿಗೆಯನ್ನು ಇಗ್ನೇಷಿಯಸ್‌ಗೆ ಓದಿ ಹೇಳಿದರು. ಕೇಸು ಮುಗಿದ ಮೇಲೆ ಚಮಚ ಸಿಗುತ್ತದೆ, ಇಲ್ಲಿ ಸಹಿ ಮಾಡಿ ಎಂದರು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಅದು ಅವರ ಹತ್ರಾನೇ ಇರ್ಲಿ ಅಂತ ಬರಿ ಮಗಾ. ಫಿಲೋಮಿನಾ ನನ್ನ ಕೈಯಿಂದ ಚಹಾ ಕುಡಿದ ಮೇಲೇ ಹೋದಳು."

ಆಮೇಲೆ ಅಲ್ಲಿಯೇ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು.

"ಕರ್ತನೇ, ಚಿತ್ರಾ ಅವರ ದಾಹ ತೀರಿಸು. ಅವರಿಗೆ ನಿತ್ಯ ವಿಶ್ರಾಂತಿ ಕೊಡು."