ಕಣಿವೆಯಿಂದ ಬಂದವಳು

೨೦೦೪ರ ಒಂದು ಭಾನುವಾರ ಮಧ್ಯಾಹ್ನ. ಮಲಯಾಳ ನಾಡಿನ ಶ್ರೀಕಾರ್ಯಂನ ನಮ್ಮ ಬಾಡಿಗೆ ಮನೆಯಲ್ಲಿ ಮಗಳು ಕೃಪಾ ಕಂಪ್ಯೂಟರ್ ಆಟದಲ್ಲಿ ಮುಳುಗಿದ್ದಳು. ಬೆಟ್ಟದ ಬಿರುಕು ದಾಟಿ, ಡೈನೋಸಾರ್‌ಗಳ ಗುಪ್ತ ಕಣಿವೆಗೆ ಇಳಿದಿದ್ದಳು.

"ಊಟಕ್ಕೆ ಬಾರೇ," ಎಂದೆ.

"ಇಪ್ಪೋ ವರಾಂ, ಅಮ್ಮೇ." ಈಗ ಬರ್ತೀನಮ್ಮ, ಅಂತ. ನನ್ನ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ಮಲಯಾಳದಲ್ಲೇ.

ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಪರದೆ ಕಪ್ಪಾಯಿತು. ಕಣಿವೆಯ ಭಾರವಾದ ಹೆಜ್ಜೆಗಳ ಸದ್ದು ಮಾತ್ರ ನಿಲ್ಲಲಿಲ್ಲ. ಸೆಕೆಯ ಕೋಣೆ ಬಾವಿಯ ತಳದಂತೆ ತಣ್ಣಗಾಯಿತು. ಹೆದರಿ ಅವಳ ಕೈ ಹಿಡಿದು ಹೊರಗೆಳೆದೆ. ಕೈಯೂ ತಣ್ಣಗಿತ್ತು.

"ಹೆದರ್ಕೋಬೇಡಮ್ಮ, ನಾನು ಬಂದ್ನಲ್ಲ," ಎಂದಳು, ಅಚ್ಚ ಕನ್ನಡದಲ್ಲಿ.

ಅವಳ ಬಾಯಲ್ಲಿ ಕನ್ನಡ ಕೇಳಲು ವರ್ಷಗಟ್ಟಲೆ ಹಂಬಲಿಸಿದ್ದವಳು ನಾನು. ಅಂದಿನಿಂದ ಅವಳು ಬೇರೆ ಭಾಷೆ ಆಡಿಯೇ ಇಲ್ಲ.

ಕಂಪ್ಯೂಟರನ್ನು ವಯರ್ ಕಿತ್ತು ಅಟ್ಟಕ್ಕೆ ಹಾಕಿದ್ದೇನೆ. ಊಟಕ್ಕೆ ಕರೆದಾಗ ಕೃಪಾ ಬಂದು ಎದುರಿಗೆ ಕೂರುತ್ತಾಳೆ. ಅಟ್ಟದಿಂದ ಉತ್ತರ ಬರುತ್ತದೆ: "ಇಪ್ಪೋ ವರಾಂ, ಅಮ್ಮೇ."