ಕೆಂಪು ಯಾಕೆ ಬೇಗ ಮಾಸುತ್ತದೆ

ಬಿಳಿ ಕೋಟು ಹಾಕಿಕೊಂಡವರೆಲ್ಲ ಮೇಷ್ಟರಲ್ಲ ಎಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಆಗಬೇಕಾದ ಅವಮಾನವೆಲ್ಲ ಆಗಿಹೋಗಿತ್ತು.

ವಿಶ್ವವಿದ್ಯಾಲಯದಿಂದ ಇಮೇಲ್ ಬಂದಿತ್ತು. ಹೊಸ ವಿದ್ಯಾರ್ಥಿಗಳ ಓರಿಯೆಂಟೇಷನ್ ಮುಂದಿನ ವಾರ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಅದೇ ದಿನ ಪ್ರತಿಯೊಬ್ಬರೂ ಒಬ್ಬ ಅಡ್ವೈಸರ್ ಜೊತೆ ಮಾತಾಡಿ ತಮ್ಮ ವಿಷಯಗಳನ್ನು ಖಾಯಂ ಮಾಡಿಕೊಳ್ಳಬೇಕು. ಕ್ಯಾಮೆರಾ, ಮೈಕು ಸರಿಯಾಗಿವೆಯೇ ಎಂದು ನೋಡಿಕೊಳ್ಳಲು ಆನ್‌ಲೈನ್‌ನಲ್ಲೇ ಒಂದು ಅಭ್ಯಾಸದ ಕೋಣೆ ಅಲ್ಲಿಯವರೆಗೆ ತೆರೆದಿರುತ್ತದೆ. ಅವಳು ಅಣ್ಣನ ಕರ್ಟನ್ ಅಂಗಡಿಯ ಹಿಂದಿರುವ ಹೊಲಿಗೆ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಹಿಂದಿನ ಗೋಡೆಯ ಅವತಾರ ಕಾಣದಿರಲೆಂದು ಕಡುನೀಲಿ ಕರ್ಟನ್ ಒಂದನ್ನು ಇಳಿಬಿಟ್ಟಳು. ಕೂದಲು ಸರಿಮಾಡಿಕೊಂಡು ಲಿಂಕ್ ಒತ್ತಿದಳು.

ಒಳಗೆ ಬಿಳಿ ಕೋಟು, ಕನ್ನಡಕದ ಒಬ್ಬಾತ ಕೂತಿದ್ದ.

"ನಮಸ್ಕಾರ ಸಾರ್," ಎಂದಳು.

ಆತ ಬೆಚ್ಚಿ ನೆಟ್ಟಗಾದ. "ನಮಸ್ಕಾರ ಮೇಡಂ."

ಎಷ್ಟು ವಿನಯ, ಅಂದುಕೊಂಡಳು. ನಿಜವಾಗಿ ಓದಿದವರು ಹೀಗೇ ಇರುತ್ತಾರೇನೋ.

"ನನ್ನ ಧ್ವನಿ ಕೇಳ್ತಿದೆಯಾ ಸಾರ್?"

"ಚೆನ್ನಾಗಿ ಕೇಳ್ತಿದೆ ಮೇಡಂ. ನಂದು?"

"ತುಂಬಾ ಚೆನ್ನಾಗಿದೆ ಸಾರ್. ಸಾರ್, ಅವತ್ತು ಫೋಟೋ ಇರೋ ಗುರುತಿನ ಚೀಟಿ ಇಟ್ಕೊಂಡಿರಬೇಕಾ?"

ಆತ ಗಂಭೀರವಾಗಿ ಯೋಚಿಸಿದ. "ಇಟ್ಕೊಂಡಿದ್ರೆ ಒಳ್ಳೇದು ಅನ್ಸುತ್ತೆ. ನೀವು ಹೇಳಿದ್ರೆ ನಾನೂ ಇಟ್ಕೊಳ್ತೀನಿ."

ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. "ನಾನು ಓದು ಬಿಟ್ಟು ಐದು ವರ್ಷ ಆಯ್ತು ಸಾರ್. ಈಗಿನವರ ಜೊತೆ ಓದೋಕಾಗುತ್ತಾ?"

"ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ ಮೇಡಂ," ಎಂದ ಆತ. "ನಾನು ಬಿಟ್ಟು ಎಂಟು ವರ್ಷ ಆಯ್ತು."

ಆಗ ಅವಳು ಆತನ ಹಿಂದಿನ ಕಪಾಟನ್ನು ಸರಿಯಾಗಿ ನೋಡಿದಳು. ಪುಸ್ತಕಗಳಿರಬೇಕಾದ ಜಾಗದಲ್ಲಿ ಸಾಲುಸಾಲಾಗಿ ಹಲ್ಲು. ಬರೀ ಹಲ್ಲು, ವಸಡಿನ ಸಮೇತ.

"ನಿಮ್ಮ ಹಿಂದೆ..." ಎಂದು ಬೆರಳು ತೋರಿಸಿದಳು.

"ಓ, ಅವಾ? ನಾಳೆ ಡೆಲಿವರಿ ಇದೆ. ನಾನು ಹಲ್ಲಿನ ಸೆಟ್ ಮಾಡ್ತೀನಿ, ಡೆಂಟಲ್ ಲ್ಯಾಬಲ್ಲಿ." ಮುಂದಕ್ಕೆ ಬಗ್ಗಿ ಕೇಳಿದ, "ಅಂದ್ರೆ ನೀವು ಯೂನಿವರ್ಸಿಟಿಯವರಲ್ವಾ? ಆ ನೀಲಿ ಪರದೆ ನೋಡಿ ಯಾವುದೋ ಸಭಾಂಗಣದಿಂದ ಮಾತಾಡ್ತಿದ್ದೀರಿ ಅಂದ್ಕೊಂಡೆ."

"ಇದು ಮಾರೋಕಿಟ್ಟಿರೋದು," ಎಂದಳು.

ಕುರುಡನಿಗೆ ಕುರುಡ ದಾರಿ ತೋರಿಸಿದ ಹಾಗಾಯಿತು ಎಂದು ಇಬ್ಬರೂ ನಕ್ಕರು. ಅವಳು ಮೊದಲು ನಕ್ಕಳು. ಆತ ಕೋಟಿನ ಗುಂಡಿ ಬಿಚ್ಚಿ, ಹಾಕಿ, ಆಮೇಲೆ ನಕ್ಕ.

ಇಬ್ಬರದೂ ಕಾಮರ್ಸ್. ಇಬ್ಬರೂ ಮನೆಯಿಂದಲೇ ಓದುವವರು. "ಒಂದೇ ಕ್ಲಾಸು ಹಾಗಾದ್ರೆ," ಎಂದ ಆತ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೂ ಅವಳು ಆ ಸಂಜೆ ಕರ್ಟನ್ ಅಂಚನ್ನು ಉಲ್ಟಾ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು.

ಆ ವಾರವೆಲ್ಲ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಅಭ್ಯಾಸದ ಕೋಣೆಗೆ ಬಂದರು. ಬೇರೆ ಯಾರೋ ಬಂದು "ಹಲೋ, ಹಲೋ" ಎಂದು ಹೋಗುತ್ತಿದ್ದರು. ಇವರಿಬ್ಬರ ಮೈಕು ಮಾತ್ರ ಎಷ್ಟು ಪರೀಕ್ಷೆ ಮಾಡಿದರೂ ಮುಗಿಯುತ್ತಿರಲಿಲ್ಲ.

ಅಡ್ವೈಸರ್ ಮುಂದೆ ಹೇಗೆ ಕೂರಬೇಕೆಂದು ವಿಶ್ವವಿದ್ಯಾಲಯದವರು ಸೂಚನೆ ಕಳಿಸಿದ್ದರು. ಬೆಳಕು ಮುಖದ ಮೇಲಿರಲಿ. ಮಾತಾಡುವಾಗ ಕ್ಯಾಮೆರಾ ನೋಡಿ. ಈ ಎರಡನೆಯದರಲ್ಲಿ ಆತ ದಿನಾ ಫೇಲಾಗುತ್ತಿದ್ದ.

"ನೋಡಿ, ಮತ್ತೆ ಕೆಳಗೆ ನೋಡ್ತಿದ್ದೀರಿ."

"ಸ್ಕ್ರೀನ್ ನೋಡ್ತಿದ್ದೀನಿ."

"ಸ್ಕ್ರೀನಲ್ಲಿ ಅಂಥಾದ್ದೇನಿದೆ?"

ಆತ ಕನ್ನಡಕ ತೆಗೆದು ಒರೆಸಿದ. ಕನ್ನಡಕ ಶುಭ್ರವಾಗಿಯೇ ಇತ್ತು.

ಆಮೇಲೆ ಅವಳೇ ಪರೀಕ್ಷಿಸಿ ನೋಡಿದಳು. ಕ್ಯಾಮೆರಾದ ಚುಕ್ಕೆ ನೋಡಿದರೆ ಆತನ ಮುಖ ತಪ್ಪುತ್ತದೆ. ಆತನ ಮುಖ ನೋಡಿದರೆ ಆತನಿಗೆ ಇವಳ ರೆಪ್ಪೆ ಮಾತ್ರ ಕಾಣುತ್ತದೆ. ಇಬ್ಬರು ಒಟ್ಟಿಗೆ ಕಣ್ಣಲ್ಲಿ ಕಣ್ಣಿಡಲು ದಾರಿಯೇ ಇಲ್ಲ. ಈ ವಿಡಿಯೋ ಕಾಲ್ ಕಂಡುಹಿಡಿದವನು ಯಾರನ್ನೂ ಪ್ರೀತಿಸಿದವನಲ್ಲ, ಅಂದುಕೊಂಡಳು. ಮರುಕ್ಷಣವೇ ಆ ಯೋಚನೆ ಎಲ್ಲಿಂದ ಬಂತೆಂದು ತನ್ನ ಮೇಲೆಯೇ ರೇಗಿದಳು.

"ಒಂದು ಮಾತು ಹೇಳ್ಲಾ?" ಎಂದ ಆತ ಒಂದು ಸಂಜೆ. "ನಿಮ್ಮ ಎಡಗಡೆ ಕೋರೆಹಲ್ಲು ಸ್ವಲ್ಪ ತಿರುಗಿದೆ."

ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. "ಯಾಕೆ, ಸರಿ ಮಾಡ್ಕೊಡ್ತೀರಾ?"

"ಬೇಡ. ಅಂಥದ್ದು ನಮ್ಮ ಕೈಲಿ ಮಾಡೋಕೆ ಬರಲ್ಲ. ಎಲ್ಲರಿಗೂ ನೇರ ಹಲ್ಲೇ ಬೇಕು. ನೇರವಾಗಿರೋದು ನೋಡಿ ನೋಡಿ ನಂಗೆ ಸಾಕಾಗಿದೆ."

ಅವಳು ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಕೈ ತೆಗೆದಳು. ದಾರದ ಉಂಡೆ ತೆಗೆದುಕೊಳ್ಳಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತಳು.

"ಏನಮ್ಮಾ, ಓರಿಯೆಂಟೇಷನ್ ಅಂದ್ರೆ ಇಷ್ಟೊಂದು ನಗು ಬರುತ್ತಾ? ನಂಗೂ ಒಂದು ಸೀಟು ಕೊಡ್ಸು."

"ಸುಮ್ನಿರಿ ಅತ್ತಿಗೆ, ಮೈಕ್ ಆನ್ ಇದೆ."

"ಇರ್ಲಿ ಬಿಡು. ನಾನೂ ಈ ಮನೆಯವಳೇ ಅಂತ ಅವರಿಗೂ ಗೊತ್ತಾಗ್ಲಿ," ಎಂದು ಅತ್ತಿಗೆ ಬಗ್ಗಿ ಸ್ಕ್ರೀನ್ ನೋಡಿದಳು. ಹಲ್ಲಿನ ಸಾಲು ಕಂಡು "ಅಯ್ಯೋ ರಾಮ" ಎಂದು ಹಿಂದಕ್ಕೆ ಸರಿದಳು.

ಓರಿಯೆಂಟೇಷನ್‌ಗೆ ಎರಡು ದಿನವಿದೆ ಎನ್ನುವಾಗ ಆತ ಅಡ್ವೈಸರ್ ಪಾತ್ರ ಮಾಡಿದ. ಗಂಟಲು ಸರಿಮಾಡಿಕೊಂಡು, ಇಲ್ಲದ ಹೊಟ್ಟೆ ಮುಂದೆ ತಂದು ಕೂತ.

"ಹೇಳಿ, ಕಾಮರ್ಸ್ ಯಾಕೆ?"

"ಅಣ್ಣನ ಅಂಗಡಿ ಇದೆ ಸಾರ್. ಲೆಕ್ಕಪತ್ರ ಕಲಿತ್ರೆ ವ್ಯಾಪಾರಕ್ಕೆ ಅನುಕೂಲ ಆಗುತ್ತೆ."

"ಅದು ಅಣ್ಣನ ಉತ್ತರ. ನಿಮ್ಮದು?"

ಅವಳು ಮೇಜಿನ ಮೇಲಿದ್ದ ಬಟ್ಟೆಯ ತುಂಡೊಂದನ್ನು ಮಡಚಿದಳು. ಆತ ಪ್ರಶ್ನೆ ಬದಲಿಸಿದ. "ಹೋಗ್ಲಿ, ಇಷ್ಟು ವರ್ಷ ಕೆಲಸ ಮಾಡಿದ್ದೀರಲ್ಲ. ಅದರಲ್ಲಿ ನಿಮಗೆ ಇನ್ನೂ ಅರ್ಥ ಆಗದೇ ಇರೋದು ಯಾವುದು?"

"ಕೆಂಪು," ಎಂದಳು. ಯೋಚಿಸಲೇ ಇಲ್ಲ. "ಕೆಂಪು ಯಾಕೆ ಬೇಗ ಮಾಸುತ್ತೆ ಅಂತ."

"ಅಂದ್ರೆ?"

"ಹಳೇ ಕರ್ಟನ್ ಉದ್ದ ಮಾಡ್ಸೋಕೆ ತರ್ತಾರೆ. ಅಂಚಿನ ಮಡಿಕೆ ಬಿಚ್ಚಿದ್ರೆ ಒಳಗೆ ಕೊಂಡ ದಿನದ ಬಣ್ಣ ಹಾಗೇ ಇರುತ್ತೆ. ಹೊರಗೆ ಮಾತ್ರ ಸತ್ತಿರುತ್ತೆ. ಒಂದೇ ಕಿಟಕಿ, ಒಂದೇ ಬಿಸಿಲು. ನೀಲಿ ತಡ್ಕೊಳ್ಳುತ್ತೆ, ಪಕ್ಕದಲ್ಲಿರೋ ಕೆಂಪು ತಡ್ಕೊಳ್ಳಲ್ಲ. ಕೆಂಪು ಏನು ತಪ್ಪು ಮಾಡಿತ್ತು? ಅಣ್ಣನ್ನ ಕೇಳಿದ್ರೆ, ಮಾಸಲಿ ಬಿಡು, ಗಿರಾಕಿ ವಾಪಸ್ ಬರ್ತಾರೆ ಅಂತಾನೆ. ಅವನ ಮಾತು ಸರಿನೇ. ಆದ್ರೆ ಅದು ಉತ್ತರ ಅಲ್ವಲ್ಲ. ಬಿಸಿಲು ಆ ಬಣ್ಣಕ್ಕೆ ಒಳಗೆ ಏನು ಮಾಡುತ್ತೆ? ಮಾಸದೇ ಇರೋ ಕೆಂಪು ಮಾಡೋಕಾಗುತ್ತಾ?"

ಮಾತಾಡುವಾಗ ಅವಳು ಕ್ಯಾಮೆರಾವನ್ನೂ ನೋಡಲಿಲ್ಲ, ಸ್ಕ್ರೀನನ್ನೂ ನೋಡಲಿಲ್ಲ. ಸೂಜಿ ಚುಚ್ಚಿ ಗಟ್ಟಿಯಾದ ತನ್ನ ಬೆರಳ ತುದಿಗಳನ್ನು ನೋಡುತ್ತಿದ್ದಳು. ತಲೆಯೆತ್ತಿದಾಗ ಆತನ ಅಡ್ವೈಸರ್ ಹೊಟ್ಟೆ ಮಾಯವಾಗಿತ್ತು.

"ಇದಕ್ಕೆ ಕಾಮರ್ಸಲ್ಲಿ ಉತ್ತರ ಸಿಗಲ್ಲ," ಎಂದ. "ಕೆಮಿಸ್ಟ್ರಿ ತಗೊಳ್ಳಿ."

"ಅದಕ್ಕೆ ಲ್ಯಾಬ್ ಇದೆ. ಊರು ಬಿಟ್ಟು ಹಾಸ್ಟೆಲ್‌ಗೆ ಹೋಗ್ಬೇಕು."

"ಗೊತ್ತು."

"ನಮ್ಮ ಕ್ಲಾಸು ಬೇರೆಬೇರೆ ಆಗುತ್ತೆ."

"ಅದೂ ಗೊತ್ತು."

ಬಸ್ಸಿನ ಸಮಯ ಹೇಳುವವನ ಹಾಗೆ ಹೇಳಿದ. ಅವಳ ಮುಖ ಬಿಸಿಯಾಯಿತು. ವಾರವಿಡೀ ಯಾವ ಕ್ಲಾಸಿಗೆ ಎಷ್ಟು ಹೊತ್ತಿಗೆ ಒಟ್ಟಿಗೆ ಕೂರಬೇಕು, ಯಾರು ಯಾರಿಗೆ ನೋಟ್ಸ್ ಕೊಡಬೇಕು ಎಂದೆಲ್ಲ ಮಾತಾಡಿದ್ದು ಇವಳೊಬ್ಬಳೇನಾ?

"ಅಂದ್ರೆ ನಾನು ಇದ್ರೂ ಒಂದೇ, ಇಲ್ದಿದ್ರೂ ಒಂದೇ," ಎಂದಳು.

"ನಾನು ಹಾಗೆಲ್ಲಿ ಅಂದೆ?"

"ಏನೂ ಅನ್ಲಿಲ್ಲ. ಅದೇ ತಾನೇ ನಾನು ಹೇಳ್ತಿರೋದು." ಲ್ಯಾಪ್‌ಟಾಪ್ ಮಡಚಿದಳು. ಮಾರನೆಯ ಸಂಜೆ ಆ ಕೋಣೆಗೆ ಹೋಗಲಿಲ್ಲ. ಅತ್ತಿಗೆ ಕೇಳಿದ್ದಕ್ಕೆ, "ಮೈಕ್ ಸರಿಯಾಗಿದೆ," ಎಂದಳು.

ಓರಿಯೆಂಟೇಷನ್ ದಿನ ಸ್ಕ್ರೀನಿನ ತುಂಬ ಪುಟ್ಟ ಪುಟ್ಟ ಚೌಕಗಳು, ಒಂದೊಂದರಲ್ಲಿ ಒಂದೊಂದು ಮುಖ. ಕುಲಪತಿಗಳ ಭಾಷಣ ಮಧ್ಯದಲ್ಲಿ ನಿಂತುಹೋಗಿ, ಅವರ ಬಾಯಿ ತೆರೆದೇ ಉಳಿಯಿತು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಚೌಕಗಳನ್ನು ಸರಿಸುತ್ತ, ಸರಿಸುತ್ತ, ಕೊನೆಗೆ ಆತನನ್ನು ಕಂಡಳು. ಕೋಟು ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಶಾಲೆಯ ಫೋಟೋಗೆ ಕೂತ ಹುಡುಗನಂತೆ ತಲೆ ಬಾಚಿದ್ದ. ಅವಳ ಕೋಪ ಇದ್ದ ಹಾಗೇ ಇತ್ತು. ಅದರ ಜೊತೆ ಇನ್ನೊಂದೂ ಇತ್ತು, ಅದು ಕೋಪಕ್ಕಿಂತ ಜಾಸ್ತಿಯಿತ್ತು.

ಅವಳ ಪಾಲಿನ ಅಡ್ವೈಸರ್ ನೆಗಡಿಯಾದ ಒಬ್ಬ ಹೆಂಗಸು. ಕತ್ತಿಗೆ ಮಫ್ಲರ್ ಸುತ್ತಿದ್ದರು, ಕೈಯಲ್ಲಿ ಕರವಸ್ತ್ರ. ಅವಳ ಹಿಂದೆ ಇನ್ನೂ ಎಷ್ಟೋ ಜನ ಸರದಿಗೆ ಕಾಯುತ್ತಿದ್ದಂತಿತ್ತು.

"ಕಾಮರ್ಸ್, ಮನೆಯಿಂದಲೇ. ಕನ್ಫರ್ಮ್ ಮಾಡ್ಲಾ?"

ಅಷ್ಟೇ. ಯಾಕೆ ಎಂದು ಅವರು ಕೇಳಲೇ ಇಲ್ಲ. ಒಂದು 'ಹೂಂ' ಅಂದರೆ ಮುಗಿಯಿತು. ಅಂಗಡಿ ಇಲ್ಲೇ, ಮನೆ ಇಲ್ಲೇ, ಆತನ ಚೌಕ ಇವಳ ಚೌಕದ ಪಕ್ಕದಲ್ಲೇ. ಮೂರು ವರ್ಷ. ಬೇಡವೆನ್ನಲು ಅದರಲ್ಲಿ ಏನಿದೆ? ಅವಳಿಗೆ ನಿಜವಾಗಿಯೂ ಆಸೆಯಾಯಿತು. ಆಗಲೇ ಹೊಳೆಯಿತು, ಇಡೀ ವಾರದಲ್ಲಿ ಆ ಪ್ರಶ್ನೆ ಕೇಳಿದವನು ಆತನೊಬ್ಬನೇ.

"ಮೇಡಂ, ಒಂದು ನಿಮಿಷ," ಎಂದಳು. "ನನ್ನನ್ನ ಯಾಕೆ ಅಂತ ಕೇಳಿ."

ಮೂಗು ಒರೆಸಿಕೊಳ್ಳುತ್ತಿದ್ದ ಆಕೆಯ ಕೈ ನಿಂತಿತು. "ಯಾಕಮ್ಮಾ?"

ಹೇಳಿದಳು. ಮಡಿಕೆಯ ಒಳಗಿನ ಬಣ್ಣ, ಹೊರಗಿನ ಬಣ್ಣ, ಎಲ್ಲವನ್ನೂ. ಆಕೆ ಕೇಳಿಸಿಕೊಂಡು, ಪಿಯುಸಿಯಲ್ಲಿ ವಿಜ್ಞಾನ ಓದಿದ್ದಾಳೆಯೇ ಎಂದು ನೋಡಿದರು. ಓದಿದ್ದಳು.

"ಕೆಮಿಸ್ಟ್ರಿಲಿ ಸೀಟಿದೆ. ಆದ್ರೆ ಇಲ್ಲಿಗೇ ಬಂದು ಇರ್ಬೇಕಾಗುತ್ತೆ. ಮನೇಲಿ ಒಪ್ಪಿದ್ದಾರಾ?"

"ಇನ್ನು ಮೇಲೆ ಕೇಳ್ಬೇಕು ಮೇಡಂ. ನೀವು ಬದಲಾಯಿಸಿಬಿಡಿ."

ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿದ್ದ. ಅಳತೆಯ ಟೇಪು ಕುತ್ತಿಗೆಯಲ್ಲಿ, ಮುಖ ಇಷ್ಟು ದಪ್ಪ.

"ಅಂಗಡಿ ಲೆಕ್ಕ ಯಾರು ನೋಡ್ತಾರೆ?"

"ಇಷ್ಟು ದಿನ ಯಾರು ನೋಡಿದ್ದು ಅಂದ್ಕೊಂಡಿದ್ದೀರಿ? ನಾನೇ ತಾನೇ?" ಎಂದಳು ಅತ್ತಿಗೆ ಅವನ ಬೆನ್ನ ಹಿಂದಿನಿಂದ.

ಅಣ್ಣ ಟೇಪನ್ನು ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ. ಆಮೇಲೆ ಯಾರ ಮುಖವನ್ನೂ ನೋಡದೆ ಕೇಳಿದ, "ಹಾಸ್ಟೆಲಲ್ಲಿ ಊಟ ಹೇಗಿರುತ್ತಂತೆ?"

ಅವನ ಬಾಯಲ್ಲಿ ಒಪ್ಪಿಗೆ ಬರುವುದೇ ಹಾಗೆ.

ಸಂಜೆ ಅಭ್ಯಾಸದ ಕೋಣೆ ಇನ್ನೂ ಮುಚ್ಚಿರಲಿಲ್ಲ. ಆತ ಅಲ್ಲೇ ಇದ್ದ. ಎಷ್ಟು ಹೊತ್ತಿನಿಂದ ಇದ್ದನೋ.

"ಬದಲಾಯಿಸಿದೆ," ಎಂದಳು.

"ಒಳ್ಳೇದಾಯ್ತು."

"ಒಳ್ಳೇದಾಯ್ತು, ಅಷ್ಟೇನಾ?"

ಆತ ಕನ್ನಡಕ ಸರಿಮಾಡಿಕೊಂಡ. "ಆ ಪ್ರಶ್ನೆ ಕೇಳೋದೇ ಬೇಡ ಅಂತಿದ್ದೆ. ಕೇಳ್ದೇ ಇದ್ದಿದ್ರೆ ನೀವು ನನ್ನ ಕ್ಲಾಸಲ್ಲೇ ಇರ್ತಿದ್ರಿ. ಇನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ, ಇವನಿಗೋಸ್ಕರ ಇಲ್ಲಿ ಉಳ್ಕೊಂಡೆನಲ್ಲ ಅಂತ ನನ್ನ ನೋಡ್ತಿದ್ರಿ. ಅದು ನಂಗೆ ಬೇಡವಾಗಿತ್ತು."

"ನಿಮಗೋಸ್ಕರ ಉಳ್ಕೋತಿದ್ದೆ ಅಂತ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಂಗೆ ಹಾಗೆ ಆಸೆ ಇತ್ತು."

ಹೊರಗೆ ಅಣ್ಣ ಶಟರ್ ಎಳೆದ ಸದ್ದಾಯಿತು.

"ನೀವು ಕ್ಯಾಂಪಸ್‌ಗೆ ಬರೋ ದಿನ ನಾನೂ ಬರ್ತೀನಿ," ಎಂದ ಆತ. "ಐಡಿ ಕಾರ್ಡ್ ತಗೋಬೇಕು."

"ಅದು ಪೋಸ್ಟಲ್ಲಿ ಮನೆಗೇ ಬರುತ್ತಂತೆ."

"ನಂದು ಬರಲ್ಲ."

"ಯಾಕೆ?"

"ಅವತ್ತು ಮನೇಲಿ ಇರಲ್ವಲ್ಲ ನಾನು. ಕ್ಯಾಂಪಸಲ್ಲಿರ್ತೀನಿ."

ಕೆಮಿಸ್ಟ್ರಿ ವಿಭಾಗದ ಮುಂದೆ ಅಗಲವಾದ ಕಲ್ಲಿನ ಮೆಟ್ಟಿಲುಗಳಿದ್ದವು. ಹಾಸ್ಟೆಲ್‌ನಲ್ಲಿ ಪೆಟ್ಟಿಗೆ ಇಳಿಸಿ, ಕೋಣೆಯ ಬೀಗದ ಕೈ ತೆಗೆದುಕೊಂಡು, ಅವಳು ಬಂದು ಅಲ್ಲಿ ನಿಂತಿದ್ದಳು. ಆತ ಗೇಟಿನಿಂದ ನಡೆದು ಬರುವುದು ಕಂಡಿತು. ಮುಖ ಅದೇ. ಆದರೆ ಹತ್ತಿರವಾದಂತೆ ಏನೋ ಒಂದು ಅವಳ ಲೆಕ್ಕಕ್ಕೆ ಸಿಗಲಿಲ್ಲ. ಮೆಟ್ಟಿಲಿಳಿದು ನೆಲಕ್ಕೆ ಬಂದಳು. ಆಗಲೂ ಅವಳಿಗೆ ಆತನ ಬೈತಲೆ ಕಾಣುತ್ತಿತ್ತು.

ಅಷ್ಟು ದಿನ ಮಾತಾಡಿದ್ದರು. ಕ್ಯಾಮೆರಾ ಮುಂದೆ ಆತ ಒಂದು ಸಲವೂ ಎದ್ದು ನಿಂತಿರಲಿಲ್ಲ.

"ಇದನ್ನ ಮೊದಲೇ ಹೇಳ್ಬೇಕಿತ್ತು," ಎಂದ ಆತ. ಕಿವಿ ಕೆಂಪಗಾಗಿತ್ತು. "ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ಬೇಜಾರಾಯ್ತಾ?"

ಅವಳು ತಲೆ ಓರೆ ಮಾಡಿ, ಕಿಟಕಿ ಅಳೆಯುವ ಹಾಗೆ ಆತನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಾಲ್ಕು ಬೆರಳು ಕಮ್ಮಿ," ಎಂದಳು.

"ಮೂರು. ಚಪ್ಪಲಿ ತೆಳು ಇದೆ."

"ನಾಲ್ಕು. ನನ್ನ ಕಣ್ಣಳತೆ ತಪ್ಪಲ್ಲ."

"ಸರಿ, ನಾಲ್ಕೇ," ಎಂದು ಆತ ಮುಖವೆತ್ತಿ ಅವಳ ಕಣ್ಣುಗಳನ್ನೇ ನೋಡಿದ. ಆ ಕಡೆ ಈ ಕಡೆ ಅಲ್ಲ, ಕಣ್ಣನ್ನೇ. ಅವಳೇ ಮೊದಲು ಸೋತು ಕಣ್ಣು ತಗ್ಗಿಸಿದಳು. "ಹೀಗೇ ಕತ್ತೆತ್ತಿ ನೋಡ್ತೀನಿ. ಎಷ್ಟು ವರ್ಷ ಬೇಕಾದ್ರೂ."

"ಕತ್ತು ನೋವು ಬರುತ್ತೆ ಕಣೋ," ಎಂದಳು.

ಹೇಳಿದ ಮೇಲೇ ತನ್ನ ಬಾಯಿಂದ 'ಕಣೋ' ಬಂದದ್ದು ಅವಳಿಗೆ ಕೇಳಿಸಿತು. ಮೇಲೆ ಲ್ಯಾಬಿನ ಬಾಗಿಲು ತೆರೆದು ಯಾರೋ ಹೊಸಬರ ಹೆಸರು ಕೂಗತೊಡಗಿದರು. ಅವಳ ಸರದಿಗೆ ಇನ್ನೂ ಸಮಯವಿತ್ತು. ಅವಳು ಮೆಟ್ಟಿಲಿನ ಮೇಲೆ ಕೂತು, ಪಕ್ಕದ ಜಾಗದ ಧೂಳನ್ನು ಕೈಯಿಂದ ಒರೆಸಿ ತೋರಿಸಿದಳು.

ಆತ ಕೂತ. ಕೂತರೆ ಇಬ್ಬರೂ ಒಂದೇ ಎತ್ತರ.