ಮರದ ಬುಡದ ಹೆಂಗಸು

ನನ್ನ ಸೋದರತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು. ಇನ್ನಾರು ತಿಂಗಳಲ್ಲಿ ದೃಷ್ಟಿ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ ವಾರವೇ, ಊರಾಚೆ ಹೊಲದಂಚಿನ ಹಳೆಯ ಮರವನ್ನು ಜಲವರ್ಣದಲ್ಲಿ ಬರೆಯಲೇಬೇಕೆಂದು ಹಟ ಹಿಡಿದರು. ನಾನೇ ಕರೆದುಕೊಂಡು ಹೋದೆ.

ಮಟಮಟ ಮಧ್ಯಾಹ್ನ. ಮರದ ತುಂಬ ಎಲೆಗಳು ಅಲ್ಲಾಡುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಬಿಸಿಲಲ್ಲಿಟ್ಟ ಲೋಟದ ನೀರು ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಅತ್ತೆ ನಿದ್ದೆಯಲ್ಲಿರುವವರಂತೆ ಮೆಲ್ಲಗೆ ಕುಂಚ ಆಡಿಸುತ್ತಿದ್ದರು. ಬಗ್ಗಿ ನೋಡಿದರೆ, ಮರದ ಬುಡದಲ್ಲಿ ನೀಲಿ ಬಟ್ಟೆಯ ಹೆಂಗಸೊಬ್ಬಳನ್ನು ಬರೆದಿದ್ದರು.

“ಅತ್ತೆ, ಯಾರು ಇವಳು? ಅಲ್ಲಿ ಯಾರೂ ಇಲ್ವಲ್ಲ.”

“ನನಗೇ ಕಾಣ್ತಿದೆ, ನಿನಗೇನಾಯ್ತೋ? ಆ ದಪ್ಪ ಬೇರಿನ ಮೇಲೆ ಕೂತಿದಾಳಲ್ಲ. ಪಾಪ, ಆಗ್ಲಿಂದ ನಿನ್ನನ್ನೇ ನೋಡ್ತಿದಾಳೆ.”

ಧೈರ್ಯ ಮಾಡಿ ಹೋಗಿ, ನೆರಳಲ್ಲಿದ್ದ ಆ ಬೇರನ್ನು ಮುಟ್ಟಿದೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಬೆಚ್ಚಗಿತ್ತು.

ಅತ್ತೆಗೆ ಈಗ ಏನೂ ಕಾಣುವುದಿಲ್ಲ. ಚಿತ್ರ ನಮ್ಮ ಹಜಾರದ ಗೋಡೆಯ ಮೇಲಿದೆ. ಮರ, ಹೊಲ, ಆಕಾಶ ಎಲ್ಲ ಅಂದೇ ಒಣಗಿದ್ದವು. ಆ ಹೆಂಗಸು ಮಾತ್ರ ನಾಲ್ಕು ವರ್ಷವಾದರೂ ಒಣಗಿಲ್ಲ. ಇವತ್ತು ಬೆಳಿಗ್ಗೆಯೂ ಮುಟ್ಟಿ ನೋಡಿದೆ. ಬೆರಳಿಗೆ ನೀಲಿ ಹತ್ತಿತು.